ದೊಡ್ಡವ್ವ ತಿಕ್ಕಿದ ಬಟ್ಟಿ

ಆ ಗಡ್ಡೆ ಮೊದಲು ಸಿಕ್ಕಿದ್ದು ನನ್ನ ಕೈಗೋ ನೀಲಾಳ ಕೈಗೋ, ಈಗ ಖಚಿತವಾಗಿ ಹೇಳಲಾರೆ. ನನ್ನ ನೆನಪಿನಲ್ಲಿ ಆಕೆ ನನ್ನ ಕೈ ಹಿಡಿದು ಹೊಕ್ಕುಳ ಕೆಳಗೆ, ನಿರಿಗೆ ಸಿಕ್ಕಿಸುವ ಜಾಗದಲ್ಲಿ ಇಟ್ಟುಕೊಂಡು, "ಇಲ್ಲಿ ನೋಡ್ರಿ, ಏನೋ ಅದ" ಎಂದಳು. ಆಕೆ ಹೇಳುವುದೇ ಬೇರೆ. ನಾನು ಪೇಪರು ಓದುತ್ತಿದ್ದೆನಂತೆ. ಎರಡು ಸಲ ಕರೆದರೂ ತಲೆ ಎತ್ತಲಿಲ್ಲವಂತೆ.

ಇದನ್ನು ಬರೆದಷ್ಟು ಬರೆದು ಸಂಜೆ ಆಕೆಗೆ ಓದಿ ಹೇಳುತ್ತೇನೆ. ನನ್ನ ಹೆಂಡತಿಗೆ ಓದು ಬರುವುದಿಲ್ಲ. ತಪ್ಪು ಹಿಡಿಯುವುದು ಬರುತ್ತದೆ.

ಗಡ್ಡೆ ಮುಷ್ಟಿಯಷ್ಟಿತ್ತು. ಗಟ್ಟಿ. ಒತ್ತಿದರೆ ಮಂದವಾದ ನೋವು. ಅದರ ಜೊತೆಗೆ ಜ್ವರ, ಸಂಜೆಯಾದರೆ ಚಳಿ. ಜಹೀರಾಬಾದಿನ ಸರ್ಕಾರಿ ದವಾಖಾನೆಯಲ್ಲಿ ಮಲೇರಿಯಾ ಎಂದು ಕಹಿ ಮಿಕ್ಸ್ಚರ್ ಕೊಟ್ಟರು. ಓಣಿಯ ಹೆಂಗಸರು ಬೇರೆಯೇ ಲೆಕ್ಕ ಹಾಕಿ ನಗುತ್ತ ಬಂದು ಕೂತರು. ನೀಲಾ ಅವರ ನಗೆಯನ್ನು ಅಲ್ಲೇ ನಿಲ್ಲಿಸಿದಳು.

"ಹೊಟ್ಯಾಗ ಕೂಸಿದ್ರ ಹಿಂಗ ಒಂದ್ ಕಡಿ ಕಲ್ಲಿನಂಗ ಕೂಡ್ತದೇನ್ರಿ ಅಕ್ಕಾರ? ಚಳಿ ಬರ್ತದೇನು?"

ನಾನು ಇಲ್ಲಿನ ಶಾಲೆಯಲ್ಲಿ ಮಾಸ್ತರ. ಹೈದರಾಬಾದಿನ ವಿಶ್ವವಿದ್ಯಾಲಯದಲ್ಲಿ ಜೀವಶಾಸ್ತ್ರ ಓದಿದವನು, ಅದೂ ಎಲ್ಲ ಉರ್ದುವಿನಲ್ಲಿ. ಅಲ್ಲಿಂದ ತಂದದ್ದು ಒಂದೇ ಚಟ: ಕಣ್ಣಾರೆ ಕಾಣದ್ದನ್ನು ನಂಬಬಾರದು. ಊರಿನಲ್ಲಿ ನನಗೆ ಹುಜ್ಜತಿ ಮಾಸ್ತರ ಎಂದು ಹೆಸರು. ಯಾವ ಮಾತಿಗೂ ವಾದಕ್ಕೆ ನಿಲ್ಲುವವನು ಎಂದು ಅರ್ಥ. ಆದರೆ ಗಡ್ಡೆ ದಿನದಿಂದ ದಿನಕ್ಕೆ ಬಿಗಿಯುತ್ತಿದ್ದಾಗ ನನ್ನ ಬಳಿ ಯಾವ ವಾದವೂ ಇರಲಿಲ್ಲ. ಆದ್ದರಿಂದ ನೀಲಾ "ಖೇಡಕ್ಕ ಹೋಗಿ ದೊಡ್ಡವ್ವಗ ಒಮ್ಮಿ ತೋರ್ಸ್ಕೊಂಡು ಬರೋಣ" ಎಂದಾಗ ಒಪ್ಪಿದೆ.

ದೊಡ್ಡವ್ವ ಎಂದರೆ ನನ್ನ ತಂದೆಯ ಅಣ್ಣನ ಹೆಂಡತಿ ಚಂದ್ರಮ್ಮ. ಇರುವುದು ನಾರಾಯಣಖೇಡಿನಲ್ಲಿ. ನನ್ನ ತಾಯಿ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು. ಅಲ್ಲಿಯ ಸುತ್ತಿನ ಹಳ್ಳಿಗಳಿಗೆಲ್ಲ ಆಕೆ ಬಟ್ಟಿ ಏರಿಸುವ ಚಂದ್ರಮ್ಮ. ಹೊಕ್ಕುಳ ಹಿಂದೆ ಒಂದು ಬಟ್ಟಿ ಇರುತ್ತದೆ, ನಾಡಿಯಂತೆ ಬಡಿದುಕೊಳ್ಳುತ್ತದೆ, ಭಾರ ಎತ್ತಿದರೆ ಕೆಳಗೆ ಜಾರುತ್ತದೆ, ಜಾರಿದರೆ ನೋವು, ಜ್ವರ, ವಾಂತಿ ಎಲ್ಲ ಬರುತ್ತವೆ ಎಂಬುದು ನಮ್ಮ ಕಡೆಯ ನಂಬಿಕೆ. ಜಾರಿದ್ದನ್ನು, ಏನೂ ತಿನ್ನದ ಬರಿಹೊಟ್ಟೆಯಲ್ಲಿ, ತಿಕ್ಕಿ ಮತ್ತೆ ಮೇಲೆ ಕೂಡಿಸಬೇಕು. ಕೂಡಿಸಿದ ಕೂಡಲೇ ಏನಾದರೂ ಸಿಹಿ ತಿನ್ನಿಸಬೇಕು. ತಿನ್ನದಿದ್ದರೆ ಅದು ಜಾಗದಲ್ಲಿ ನಿಲ್ಲುವುದಿಲ್ಲ.

"ಅಂಥಾದ್ದೊಂದು ಅಂಗ ಯಾವ ಪುಸ್ತಕದಾಗೂ ಇಲ್ಲ ದೊಡ್ಡವ್ವಾ," ಎಂದೆ, ಖೇಡಿಗೆ ಹೋದ ಸಂಜೆಯೇ.

"ಇಲ್ಲಾಂದ್ರ ಇಲ್ಲಪ್ಪಾ. ನೀ ಸಣ್ಣಾಂವ ಇದ್ದಾಗ ಹೊಟ್ಟಿ ಹಿಡ್ಕೊಂಡು ಉಳ್ಳಾಡ್ತಿದ್ದಿ. ಆಗ ಪುಸ್ತಕ ತಂದು ಹೊಟ್ಟಿ ಮ್ಯಾಲ ಇಟ್ಟಿದ್ದೇನು? ನಾ ಕೈ ಇಟ್ಟಿದ್ದೆ."

ನೀಲಾ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆ ಹೊಟ್ಟೆನೋವು ನನಗೆ ನೆನಪಿದೆ. ಆಕೆಯ ಕೈಯೂ ನೆನಪಿದೆ. ಕೈಯಿಂದ ನೋವು ಹೋಯಿತೋ, ಹೋಗುವ ಹೊತ್ತಿಗೆ ಕೈ ಬಂದಿತೋ, ಅದು ಮಾತ್ರ ಗೊತ್ತಿಲ್ಲ.

ಮರುದಿನ ಮುಂಜಾನೆ ದೊಡ್ಡವ್ವ ನೀಲಾಳನ್ನು ಕೌದಿಯ ಮೇಲೆ ಅಂಗಾತ ಮಲಗಿಸಿದಳು. ಹೊಕ್ಕುಳಿನಿಂದ ಎರಡೂ ಕಾಲಿನ ಹೆಬ್ಬೆರಳಿಗೆ ದಾರ ಹಿಡಿದು ಅಳೆದು ನೋಡಿದಳು. ಆಮೇಲೆ ಬೆರಳುಗಳನ್ನು ಗಡ್ಡೆಯ ಮೇಲೆ ಇಟ್ಟು ಕಣ್ಣು ಮುಚ್ಚಿದಳು.

"ಇಲ್ಲೇ ಬಡ್ಕೊಳ್ಳಾಕತ್ತದ ನೋಡು. ಭಾಳ ಕೆಳಗ ಜಾರ್ಯಾದ. ಇಷ್ಟ್ ಕೆಳಗ ಜಾರಿದ್ದು ನಾ ನೋಡೇ ಇಲ್ಲ."

ನಾನೂ ಮುಟ್ಟಿ ನೋಡಿದೆ. ಬಡಿದುಕೊಳ್ಳುತ್ತಿತ್ತು. ನನಗೆ ಸಿಟ್ಟು ಬಂತು. ಇಲ್ಲದ ಅಂಗವೊಂದು ನನ್ನ ಬೆರಳಿಗೇ ಸಿಕ್ಕಂತಾಗಿತ್ತು.

ಆಕೆ ಬೆಚ್ಚಗಿನ ಔಡಲೆಣ್ಣೆ ಹಚ್ಚಿ ಕೆಳಗಿನಿಂದ ಮೇಲಕ್ಕೆ ತಿಕ್ಕತೊಡಗಿದಳು. ಒಂದೊಂದು ಸಲ ತಿಕ್ಕಿದಾಗಲೂ ಗಡ್ಡೆಯನ್ನು ಮಗಳಂತೆ ಮಾತಾಡಿಸುತ್ತಿದ್ದಳು. "ಏರವ್ವಾ, ಮ್ಯಾಲೇರು. ನಿನ್ ಮನೀಗಿ ನೀ ಹೋಗವ್ವಾ." ನೀಲಾ ಹಲ್ಲು ಕಚ್ಚಿ ಮಲಗಿದ್ದಳು. ಗಡ್ಡೆ ಏರಲಿಲ್ಲ. ಮರುದಿನವೂ ಏರಲಿಲ್ಲ. ಮೂರನೆಯ ಮುಂಜಾನೆ ತಿಕ್ಕಿದ ಮೇಲೆ ಹೆಂಗಸರಿಬ್ಬರೂ ಹಿತ್ತಲಿನಲ್ಲಿ ಏನೋ ಪಿಸುಗುಟ್ಟಿದರು. ದೊಡ್ಡವ್ವ ಒಳಗೆ ಬಂದವಳೇ ಎಣ್ಣೆಯ ಬಟ್ಟಲು ಎತ್ತಿಟ್ಟಳು.

"ಸಾಕು. ಬಾಕಿ ತಾನೇ ಏರ್ತದ," ಎಂದಳು. ನನ್ನ ಮುಖ ನೋಡಲಿಲ್ಲ.

ಸೋತಳು ಎಂದುಕೊಂಡು ನಾನು ಒಳಗೊಳಗೇ ಗೆದ್ದೆ.

ಜಹೀರಾಬಾದಿಗೆ ಮರಳಿದ ಮೇಲೆ ಜ್ವರ ಹೆಚ್ಚಿತು. ಇನ್ನು ಕಾಯುವಂತಿರಲಿಲ್ಲ. ಹೈದರಾಬಾದಿಗೆ ರೈಲು ಹತ್ತಿದೆವು. ತಾಂಡೂರಿನಿಂದ ಬಂದ ನೀಲಾಳ ಅಣ್ಣ ಬಸಣ್ಣ ವಿಕಾರಾಬಾದಿನಲ್ಲಿ ನಮ್ಮ ಡಬ್ಬಿ ಸೇರಿದ. ಅವನಿಗೆ ತಾಂಡೂರಿನ ಕಲ್ಲಿನ ಗಣಿಯಲ್ಲಿ ಕೆಲಸ. ತಂಗಿಯ ಮುಖ ನೋಡಿ ಅವಳ ಪಕ್ಕ ಕೂತ. ಆಮೇಲೆ, "ಏನವ್ವಾ, ಮಾವಾರ ಹುಜ್ಜತ್ ಕೇಳಿ ಕೇಳಿ ಹೊಟ್ಟ್ಯಾಗ ಗಡ್ಡಿ ಕಟ್ಟ್ಯಾದೇನು?" ಎಂದ. ನೀಲಾ ಜ್ವರದಲ್ಲೂ ನಕ್ಕಳು. ಆ ನಗೆಗಾಗಿ ಅವನಿಗೆ ನಾನು ಇಂದಿಗೂ ಋಣಿ.

ಆಸ್ಪತ್ರೆಯಲ್ಲಿ ಹೆಂಗಸರ ವಾರ್ಡು ಬೇರೆ. ಪರದೆ ಇತ್ತು. ಗಂಡಸರನ್ನು ಸಂಜೆ ಸ್ವಲ್ಪ ಹೊತ್ತು ಮಾತ್ರ ಒಳಗೆ ಬಿಡುತ್ತಿದ್ದರು. ದೊಡ್ಡ ಸರ್ಜನ್ನರು ಪರೀಕ್ಷೆ ಮಾಡಿದರು. ಮೂತ್ರದಲ್ಲಿ ಕೀವಿದೆ ಎಂದರು, ಗಡ್ಡೆ ಮೂತ್ರದ ಚೀಲವನ್ನು ಒತ್ತುತ್ತಿರಬೇಕು ಎಂದರು. ಹೊರಗೆ ಬಂದು ನನಗೆ ಉರ್ದುವಿನಲ್ಲಿ ಹೇಳಿದ್ದು ಚಿಕ್ಕ ಮಾತು. ಇದು ಟ್ಯೂಮರ್. ತೆಗೆದುಬಿಡೋಣ.

ಗುರುವಾರ ಆಪರೇಷನ್.

ನನಗೆ ಭಯವಾಯಿತು, ಜೊತೆಗೆ ಒಂದು ಬಗೆಯ ನೆಮ್ಮದಿಯೂ ಆಯಿತು. ಕೊನೆಗೂ ದಾರ, ಎಣ್ಣೆ, ಪಿಸುಮಾತುಗಳಿಂದ ದಾಟಿ ವಿಜ್ಞಾನದ ಕೈಗೆ ಬಂದಿದ್ದೆವು. ನೀಲಾ ಮಾತ್ರ, "ದೊಡ್ಡವ್ವಗ ತಿಳಿಸ್ಬ್ಯಾಡ್ರಿ" ಎಂದಳು, ಅಷ್ಟೇ. ಮುದುಕಿಗೆ ಯಾಕೆ ಸಂಕಟ ಎಂದು ಹೇಳುತ್ತಿದ್ದಾಳೆ ಎಂದುಕೊಂಡೆ. ಆದರೆ ಬಸಣ್ಣ ಅಷ್ಟರಲ್ಲೇ ಖೇಡಿನ ಕಡೆ ಹೋಗುವವರ ಕೈಯಲ್ಲಿ ಸುದ್ದಿ ಕಳಿಸಿಬಿಟ್ಟಿದ್ದ.

ಬುಧವಾರ ದೊಡ್ಡವ್ವ ಬಂದಳು. ಲಡಾಯಿಯ, ಮಹಾಯುದ್ಧದ ಕಾಲ, ಪೆಟ್ರೋಲು ಇಲ್ಲದೆ ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು. ಅದರಲ್ಲಿ ಜಹೀರಾಬಾದಿಗೆ ಬಂದು, ಜೀವಮಾನದಲ್ಲಿ ಮೊದಲ ಸಲ ರೈಲು ಹತ್ತಿ, ಕೇಳುತ್ತ ಕೇಳುತ್ತ ಆಸ್ಪತ್ರೆ ಹುಡುಕಿಕೊಂಡು ಬಂದಿದ್ದಳು. ಬಗಲಲ್ಲಿ ಜೋಳದ ರೊಟ್ಟಿಯ ಗಂಟು. ಮುಖದ ತುಂಬ ಇದ್ದಿಲ ಮಸಿ. ನನ್ನನ್ನು ವರಾಂಡದಲ್ಲಿ ಕಂಡರೂ ಮಾತಾಡಿಸದೆ ನೇರವಾಗಿ ವಾರ್ಡಿನೊಳಗೆ ಹೋದಳು.

ಒಳಗೆ ನಡೆದದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ನೀಲಾಳ ಮಂಚದ ಹತ್ತಿರ ಲೇಡಿ ಡಾಕ್ಟರ್ ನಿಂತಿದ್ದಾರೆ. ಅವರು ಕಲಬುರ್ಗಿಯ ಕಡೆಯವರು, ಕನ್ನಡ ಚೆನ್ನಾಗಿ ಬರುತ್ತದೆ. ದೊಡ್ಡವ್ವ ರೊಟ್ಟಿಯ ಗಂಟನ್ನು ಮಂಚದ ಮೇಲಿಟ್ಟು ಅವರ ಎರಡೂ ಕೈ ಹಿಡಿದುಕೊಳ್ಳುತ್ತಾಳೆ.

"ಡಾಕ್ಟರಬಾಯಿ, ಈ ಕೂಸಿನ್ನ ಕೊಯ್ಯಬ್ಯಾಡ್ರಿ. ಆ ಗಡ್ಡಿ ನನ್ನ ಕೈಲೆ ಕೆಟ್ಟದ. ಬೈಯೋದಿದ್ರ ನನಗ ಬೈರಿ."

"ನಿಮ್ಮ ಕೈಲೆ ಹ್ಯಾಂಗ ಕೆಡ್ತದಮ್ಮಾ?"

"ಬಟ್ಟಿ ಅಂತ ತಿಳ್ಕೊಂಡು ತಿಕ್ಕಿದೆ. ಮೂರ್ನೇ ಮುಂಜಾನಿ ತಿಕ್ಕಿದ ಮ್ಯಾಲ ಆಕೀಗಿ ಮೂತ್ರ ಕೆಂಪ್ ಹೋತ್ರಿ. ಕುಂಕುಮ ಕಲಸಿದಂಗ. ಒಳಗ ಏನೋ ಹರದದ ನನ್ನಿಂದ. ಅದಕ್ಕೇ ಗಡ್ಡಿ ಬೆಳೀತು."

"ದೊಡ್ಡವ್ವಾ, ಸುಮ್ಕಿರು!" ಎಂದು ನೀಲಾ ಏಳಲು ನೋಡುತ್ತಾಳೆ.

ಲೇಡಿ ಡಾಕ್ಟರ್ ಆಕೆಯ ಹೆಗಲು ಹಿಡಿದು ಮಲಗಿಸುತ್ತಾರೆ. "ಖರೇನೇನಮ್ಮಾ? ನಾ ಅಷ್ಟು ಸಲ ಕೇಳಿದೆ. ಯಾಕ ಹೇಳ್ಲಿಲ್ಲ?"

"ನಮ್ಮ ಮನ್ಯಾವ್ರು ಬಟ್ಟಿ ಅಂದ್ರ ಮೊದ್ಲೇ ಉರೀತಾರ್ರಿ. ಇದು ಗೊತ್ತಾದ್ರ ದೊಡ್ಡವ್ವನ ಜೋಡಿ ಮಾತೇ ಬಿಡ್ತಾರ. ಅವರಿಗಿ ತಾಯಿ ಅಂದ್ರ ಈಕಿ ಒಬ್ಬಾಕಿನೇ ಅದಾಳ್ರಿ."

ಮಂಚದ ಬಣ್ಣ, ರೊಟ್ಟಿಯ ಗಂಟಿನ ಅರಿವೆ, ದೊಡ್ಡವ್ವನ ಕೆನ್ನೆಯ ಮಸಿಯ ಮೇಲೆ ಇಳಿದ ಕಣ್ಣೀರಿನ ಗೆರೆ, ಎಲ್ಲವೂ ನನಗೆ ಕಾಣುತ್ತವೆ.

ಆದರೆ ನಾನು ಅಲ್ಲಿರಲಿಲ್ಲ.

ಮಧ್ಯಾಹ್ನದ ಹೊತ್ತು. ಗಂಡಸರಿಗೆ ಪ್ರವೇಶವಿರಲಿಲ್ಲ. ಇದನ್ನು ಓದಿ ಹೇಳಿದಾಗ ನೀಲಾ ಬಿದ್ದು ಬಿದ್ದು ನಕ್ಕಳು. "ನೀವು ಹೊರಗ ಬಸಣ್ಣನ ಜೋಡಿ ಚಾ ಕುಡೀಲಾಕತ್ತಿದ್ರಿ. ನಾ ಹೇಳಿದ್ದು ನನಗೇ ಹೇಳ್ತೀರಲ್ರೀ!" ನಿಜ. ಆಕೆ ಆಮೇಲೆ ಹೇಳಿದ್ದು, ದೊಡ್ಡವ್ವ ಅಳುತ್ತ ಹೇಳಿದ್ದು, ಡಾಕ್ಟರ್ ಹೇಳಿದ್ದು ಕೂಡಿ ನನ್ನ ತಲೆಯಲ್ಲಿ ಒಂದು ಕೋಣೆ ಕಟ್ಟಿಕೊಂಡು, ಅದರ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿಬಿಟ್ಟಿವೆ. ಕಣ್ಣಾರೆ ಕಂಡದ್ದನ್ನು ಮಾತ್ರ ನಂಬುವವನ ಕಣ್ಣಿನ ಗತಿ ಇದು. ಆ ಪುಟ ಹರಿಯಬೇಕು ಎಂದುಕೊಂಡೆ. "ಇರ್ಲಿ ಬಿಡ್ರಿ," ಎಂದಳು, "ಸುಳ್ಳೇನೂ ಇಲ್ಲಲ್ಲ ಅದ್ರಾಗ."

ದೊಡ್ಡವ್ವ ತಿಳಿದದ್ದು ತಪ್ಪು. ಗಡ್ಡೆ ಆಕೆ ತಿಕ್ಕಿದ್ದರಿಂದ ಆದದ್ದಲ್ಲ. ಆದರೆ ಹೊಟ್ಟೆ ಒತ್ತಿದಾಗ ಮೂತ್ರ ಕೆಂಪಾಯಿತು ಎಂಬ ಮಾತು ಲೇಡಿ ಡಾಕ್ಟರನ್ನು ಕೂರಲು ಬಿಡಲಿಲ್ಲ. ಚೀಲದ ಪಕ್ಕದ ಟ್ಯೂಮರ್ ಒತ್ತಿದರೆ ನೋವಾಗಬಹುದು. ರಕ್ತ ಯಾಕೆ ಬರಬೇಕು? ಅವರು ಸರ್ಜನ್ನರ ಬಳಿ ಹೋಗಿ, ಕೊಯ್ಯುವ ಮೊದಲು ಒಂದು ಎಕ್ಸ್‌ರೇ ಬೇಕು ಎಂದರು. ಬರೀ ಎಕ್ಸ್‌ರೇ ಅಲ್ಲ. ತೋಳಿನ ನರಕ್ಕೆ ಒಂದು ಔಷಧ ಚುಚ್ಚುತ್ತಾರೆ. ಕಿಡ್ನಿ ಅದನ್ನು ರಕ್ತದಿಂದ ಸೋಸಿ ತೆಗೆಯುವಾಗ ಫೋಟೋದಲ್ಲಿ ಬೆಳ್ಳಗೆ ಕಾಣುತ್ತದೆ. ಲಡಾಯಿಯಿಂದಾಗಿ ಆ ಔಷಧ ಹೊರದೇಶದಿಂದ ಬರುವುದು ನಿಂತುಹೋಗಿತ್ತು. ಉಳಿದಿದ್ದ ಸ್ವಲ್ಪವನ್ನು ಬೀರುವಿನಲ್ಲಿ ಬೀಗ ಹಾಕಿ ಇಟ್ಟಿದ್ದರು. ಸರ್ಜನ್ನರು ಮೊದಲು ಒಪ್ಪಲಿಲ್ಲ, ಆಮೇಲೆ ಬೀಗದ ಕೈ ಕೊಟ್ಟರು. ಆಪರೇಷನ್ ಒಂದು ದಿನ ಮುಂದೆ ಹೋಯಿತು.

ಗುರುವಾರ ಮಧ್ಯಾಹ್ನ ನನ್ನನ್ನು ಒಳಗೆ ಕರೆದರು. ಈ ಸಲ ನಾನು ಅಲ್ಲಿದ್ದೆ, ನೀಲಾಳೂ ಒಪ್ಪುತ್ತಾಳೆ.

ಸರ್ಜನ್ನರು ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನಿಂತಿದ್ದರು. ಪಕ್ಕೆಲುಬಿನ ಕೆಳಗೆ, ಬೆನ್ನುಮೂಳೆಯ ಎರಡು ಬದಿಗೆ ಕಿಡ್ನಿಗಳಿರಬೇಕು. ಬಲಗಡೆ ಖಾಲಿ. ಎಡಗಡೆ ಖಾಲಿ. ಕೆಳಗೆ, ಸೊಂಟದ ಮೂಳೆಗಳ ಬಟ್ಟಲಿನ ಬಾಯಲ್ಲಿ, ಒಂದು ಬಿಳಿ ಹೂವಿನಂಥದ್ದು ಅಡ್ಡವಾಗಿ ಬಿದ್ದಿತ್ತು.

ಆ ಗಡ್ಡೆಯೇ ಆಕೆಯ ಕಿಡ್ನಿ. ಇನ್ನೊಂದು ಇರಲೇ ಇಲ್ಲ.

ಸರ್ಜನ್ನರು ಫಿಲ್ಮನ್ನು ಮೇಜಿನ ಮೇಲಿಟ್ಟು ಕುರ್ಚಿಯಲ್ಲಿ ಕುಳಿತರು. ಅವರ ಉರ್ದು ಮಾತು ಕನ್ನಡದಲ್ಲಿ ಹೀಗಾಗುತ್ತದೆ: "ಮಾಸ್ಟರ್ ಸಾಹೇಬ್, ಇವತ್ತು ನಾನು ಇದನ್ನು ತೆಗೆದಿದ್ದರೆ ಆಪರೇಷನ್ ಚೆನ್ನಾಗಿಯೇ ಆಗುತ್ತಿತ್ತು. ನಿಮ್ಮ ಮನೆಯವರು ಎದ್ದು ಕೂಡುತ್ತಿದ್ದರು. ನಾವೆಲ್ಲ ಸಂತೋಷಪಡುತ್ತಿದ್ದೆವು. ಆಮೇಲೆ ಕೆಲವೇ ದಿನ." ಅವರು ಮುಚ್ಚಿಡಲಿಲ್ಲ. ಆ ಮಾತಿಗಾಗಿ ಅವರ ಮೇಲೆ ಗೌರವ ಬಂತು.

ಇದು ಹೇಗಾಯಿತು ಎಂದು ಆ ಸಂಜೆ ವರಾಂಡದಲ್ಲಿ ಲೇಡಿ ಡಾಕ್ಟರನ್ನು ಕೇಳಿದೆ. ಅವರು ಲೋಟದ ನೀರಿನಲ್ಲಿ ಬೆರಳು ಅದ್ದಿ ನೆಲದ ಕಲ್ಲಿನ ಮೇಲೆ ಒಂದು ಕೂಸಿನ ಆಕಾರ ಬರೆದರು. ಪಕ್ಕದಲ್ಲಿ ದೊಡ್ಡವ್ವ, ಬಸಣ್ಣ ಕುಕ್ಕರಗಾಲಲ್ಲಿ ಕೂತರು.

"ನೀವು ಕಾಲೇಜಿನಾಗ ಕಪ್ಪಿ ಕೊಯ್ದೀರಲ್ರೀ ಮಾಸ್ತರ್ರ? ಅದರ ಗುರ್ದಾ ನೋಡೀರಿ?"

ಗುರ್ದಾ ಎಂದರೆ ಕಿಡ್ನಿ. ನಾವು ಓದಿದ್ದೂ ಆ ಹೆಸರಿನಲ್ಲೇ. ನೋಡಿದ್ದೆ.

"ಹೊಟ್ಯಾಗಿನ ಕೂಸು ಗುರ್ದಾನ್ನ ಮೂರು ಸಲ ಮಾಡ್ತದ. ಮೊದಲನೇದು ಇಲ್ಲಿ, ಕುತ್ತಿಗಿ ಹತ್ರ. ಬಂದದ್ದೂ ಗೊತ್ತಾಗಂಗಿಲ್ಲ, ಹೋದದ್ದೂ ಗೊತ್ತಾಗಂಗಿಲ್ಲ. ಎರಡನೇದು ನಡುವಿನಾಗ. ಅದು ಕೆಲವು ವಾರ ಕೆಲಸ ಮಾಡ್ತದ. ಕಪ್ಪಿ ಜೀವನಪೂರ್ತಿ ಇಟ್ಕೊಳ್ಳೋದು ಅದನ್ನೇ. ನಾವು ಅದನ್ನೂ ಬಿಟ್ಟು ಮೂರನೇದು ಮಾಡ್ಕೋತೀವಿ, ಎಲ್ಲಕ್ಕಿಂತ ಕೆಳಗ, ಇಲ್ಲಿ."

ಅವರು ಬರೆದ ಗೆರೆಗಳು ಮೇಲಿನಿಂದ ಆರುತ್ತ ಬರುತ್ತಿದ್ದವು. ಕೆಳಗಿನವು ಮಾತ್ರ ಇನ್ನೂ ಹಸಿ.

ಮೂರನೆಯದು ಆಗಬೇಕಾದರೆ ಕೆಳಗಿನ ನಾಳದಿಂದ ಒಂದು ಮೊಳಕೆ ಒಡೆದು, ಅಲ್ಲೇ ಕಾದಿರುವ ಮೆತ್ತನೆಯ ಮಾಂಸವನ್ನು ಹೋಗಿ ಮುಟ್ಟಬೇಕು. ಮೊಳಕೆ ಮುಟ್ಟದಿದ್ದರೆ ಮಾಂಸ ಕಿಡ್ನಿಯಾಗುವುದಿಲ್ಲ. ಮಾಂಸ ಸಿಗದಿದ್ದರೆ ಮೊಳಕೆಯೂ ಕವಲೊಡೆಯುವುದಿಲ್ಲ. ಒಂದು ಇನ್ನೊಂದನ್ನು ಎಬ್ಬಿಸಬೇಕು. ನೀಲಾಳ ಎಡಗಡೆ ಆ ಭೇಟಿ ಆಗಲೇ ಇಲ್ಲ. ಬಲಗಡೆ ಆಯಿತು, ಕಿಡ್ನಿ ಹುಟ್ಟಿತು. ಹುಟ್ಟಿದ್ದು ಏರಬೇಕು. ಕೂಸಿನ ಬೆನ್ನು ಬೆಳೆದಂತೆ ಕಿಡ್ನಿ ಮೆಲ್ಲಗೆ ತಿರುಗುತ್ತ ಮೇಲೆ ಹೋಗುತ್ತದೆ. ಬಾವಿಯ ಮೆಟ್ಟಿಲೇರುವವರು ಕೆಳಗಿನ ಕಲ್ಲು ಬಿಟ್ಟು ಮೇಲಿನ ಕಲ್ಲು ಹಿಡಿದಂತೆ, ಕೆಳಗಿನ ರಕ್ತನಾಳ ಬಿಟ್ಟು ಮೇಲಿನದನ್ನು ಹಿಡಿಯುತ್ತ ಹೋಗುತ್ತದೆ. ಕೆಲವರಲ್ಲಿ ಎರಡೂ ಕಿಡ್ನಿಗಳು ಬುಡದಲ್ಲಿ ಅಂಟಿಕೊಂಡು ಕುದುರೆಯ ಲಾಳದಂತಾಗಿ ನಡುವೆಯೇ ನಿಲ್ಲುತ್ತವೆ. ಇವಳದು ಮೊದಲ ಮೆಟ್ಟಿಲಲ್ಲೇ ಕೂತುಬಿಟ್ಟಿತ್ತು. ಕೂತಲ್ಲೇ ಇಷ್ಟು ವರ್ಷ ಎರಡರ ಕೆಲಸ ಮಾಡಿತ್ತು. ನಾಳ ಸೊಟ್ಟಗಿದ್ದುದರಿಂದ ಈಗ ನೀರು ನಿಂತು, ಕೀವಾಗಿ, ಊದಿಕೊಂಡಿತ್ತು. ದೊಡ್ಡ ರಕ್ತನಾಳ ಅದರ ಬೆನ್ನಿಗೇ ಇದ್ದುದರಿಂದ ಬಡಿದುಕೊಳ್ಳುತ್ತಿತ್ತು.

ದೊಡ್ಡವ್ವ ಎಲ್ಲ ಕೇಳಿ, "ಅಂದ್ರ ಜಾರಿಲ್ಲ?" ಎಂದಳು.

"ಜಾರಿಲ್ಲಮ್ಮಾ. ಏರೇ ಇಲ್ಲ."

"ಯಾರ್ದು ತಪ್ಪು ಇದು? ಬಸುರಿದ್ದಾಗ ಆಕಿ ತಾಯಿ ಏನರ ತಿಂದಿದ್ದಳೇನು?"

"ಯಾರ್ದೂ ತಪ್ಪಲ್ಲ. ಬಸುರು ನಿಂತದ್ದು ತಾಯಿಗೆ ಗೊತ್ತಾಗೋ ಹೊತ್ತಿಗೇ ಇದರಾಗಿಂದು ಅರ್ಧ ಆಗಿಹೋಗಿರ್ತದ."

ಬಸಣ್ಣ ಆರುತ್ತಿದ್ದ ಗೆರೆಗಳ ಹತ್ತಿರ ಬಾಗಿದ. "ಇದು ನಮ್ಮ ತಾಂಡೂರ ಫರಸೀನೇ," ಎಂದು ಹಾಸುಗಲ್ಲನ್ನು ಸವರಿದ. ಆಮೇಲೆ ತಲೆ ಎತ್ತಿ, "ಡಾಕ್ಟರಬಾಯಿ, ನನ್ನವು ಎರಡೂ ಮ್ಯಾಲೇ ಇರ್ಬೇಕಲ್ರೀ? ಒಂದು ತಕ್ಕೊಂಡು ಆಕೀಗಿ ಹಾಕ್ರಿ" ಎಂದ. ಡಾಕ್ಟರ್ ನಕ್ಕರು. ಹಾಗೆ ಹಾಕಲು ಬರುವಂತಿದ್ದರೆ ಎಷ್ಟು ಚೆನ್ನಾಗಿತ್ತು ಎಂದರು. ಅವನು ನಗಲಿಲ್ಲ.

ಆಪರೇಷನ್ ಆಗಲಿಲ್ಲ. ಕೀವು ಆರಲು ಸಲ್ಫಾ ಗುಳಿಗೆ ಕೊಟ್ಟರು. ಬಿಂದಿಗೆಗಟ್ಟಲೆ ನೀರು ಕುಡಿಸಿದರು. ಜ್ವರ ಇಳಿಯಿತು. ಊತ ಇಳಿಯಿತು. ಗಡ್ಡೆ ಹೋಗಲಿಲ್ಲ, ಹೋಗಬಾರದು ಕೂಡ. ಈಗ ದಿನಾ ಬೆಳಿಗ್ಗೆ "ಅದ ಇಲ್ಲೋ?" ಎಂದು ಕೇಳುತ್ತೇನೆ. "ಎಲ್ಲಿ ಹೋಗ್ತದ್ರಿ ಅದು, ನಿಮ್ಮಂಗ ಹಟಮಾರಿ ಅದ" ಎನ್ನುತ್ತಾಳೆ.

ಕೀವು ಮತ್ತೆ ಆಗಬಹುದು ಎಂದಿದ್ದಾರೆ. ಜ್ವರ ಬಂದ ದಿನವೇ ರೈಲು ಹತ್ತಬೇಕು. ಬಸುರಾದರೆ ಬಹಳ ಎಚ್ಚರ ಬೇಕು. ಹೊಟ್ಟೆಯನ್ನು ಯಾರೂ ಒತ್ತಬಾರದು. ಇವೆಲ್ಲ ಗೊತ್ತಿದ್ದೂ ಮನೆ ನಡೆಯುತ್ತಿದೆ. ಆಕೆಯ ತಂಬಿಗೆ ಬರಿದಾಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಶಾಲೆಯಲ್ಲಿ ಪಾಠ ಮಾಡುತ್ತ ನಿಂತವನಿಗೆ ಒಮ್ಮೊಮ್ಮೆ ಎದುರಿಗೆ ಕೂತವರ ಪಕ್ಕೆಲುಬಿನ ಕೆಳಗೆಲ್ಲ ದೃಷ್ಟಿ ಹೋಗುತ್ತದೆ. ಯಾರದು ಎಲ್ಲಿದೆಯೋ, ಯಾರದು ಏರಿದೆಯೋ. ನಾವೆಲ್ಲರೂ ಆ ವಾರಗಳನ್ನು ದಾಟಿಯೇ ಬಂದವರು. ಎರಡು ಸಲ ಕಟ್ಟಿ ಬಿಟ್ಟು ಮೂರನೆಯದನ್ನು ಹಿಡಿದವರು. ಅದು ಯಾರಿಗೂ ನೆನಪಿಲ್ಲ, ಯಾರೂ ಕಂಡಿಲ್ಲ. ಆದರೂ ನಡೆದಿದೆ. ಇದನ್ನು ಒಪ್ಪಿಕೊಂಡ ಮೇಲೆ ನನ್ನ ನೆನಪು ತಪ್ಪಿದಾಗ ಮೊದಲಿನಷ್ಟು ಕಸಿವಿಸಿಯಾಗುವುದಿಲ್ಲ.

ಮೊನ್ನೆ ದೊಡ್ಡವ್ವ ಖೇಡಿನಿಂದ ಬಂದಿದ್ದಳು. ಬರುವಾಗಲೇ ತಯಾರಾಗಿ ಬಂದಿದ್ದಳು. "ನಾ ಮೊದ್ಲೇ ಹೇಳಿದ್ದೆ ಇಲ್ಲೋ, ಜಾಗ ತಪ್ಪ್ಯಾದ ಅಂತ?"

"ಜಾರ್ಯಾದ ಅಂದಿದ್ದಿ ದೊಡ್ಡವ್ವಾ."

"ಜಾರೋದೂ ಒಂದೇ, ಏರ್ದೇ ಇರೋದೂ ಒಂದೇ. ಜಾಗ ತಪ್ಪಿತ್ತೋ ಇಲ್ಲೋ?"

ಮುಂಜಾನೆ ಆಕೆ ಕೌದಿ ಹಾಸಿ ನೀಲಾಳನ್ನು ಬರಿಹೊಟ್ಟೆಯಲ್ಲಿ ಕೂಡಿಸಿದಳು. ನಾನು ತಡೆಯಲೆಂದು ಎದ್ದು ನಿಂತೆ. ಆದರೆ ಎಣ್ಣೆಯ ಬಟ್ಟಲು ಇರಲಿಲ್ಲ, ದಾರವೂ ಇರಲಿಲ್ಲ. ತಾಟಿನಲ್ಲಿ ಬಿಸಿ ಚಪಾತಿ, ಬೆಲ್ಲ, ತುಪ್ಪ ಹಾಕಿ ಮುದ್ದೆಯಾಗಿ ಕಲಸಿದ ಮಾಲದಿ ಮಾತ್ರ ಇತ್ತು. ತಿಕ್ಕಿ ಕೂಡಿಸಿದ ಮೇಲೆ ಬಟ್ಟಿ ನಿಲ್ಲಲೆಂದು ತಿನ್ನಿಸುವ ಸಿಹಿ. ಮೊದಲಿನದೆಲ್ಲ ಬಿಟ್ಟು ಆಕೆ ಕೊನೆಯದೊಂದನ್ನೇ ಉಳಿಸಿಕೊಂಡಿದ್ದಳು.

ಮೊದಲ ತುತ್ತು ನೀಲಾಳ ಬಾಯಿಗಿಟ್ಟಳು. ಇನ್ನೊಂದು ಕೈಯನ್ನು ಆಕೆಯ ಹೊಟ್ಟೆಯ ಹತ್ತಿರ ತಂದಳು, ಮುಟ್ಟಲಿಲ್ಲ. ಸೀರೆಯಿಂದ ಗೇಣು ದೂರದಲ್ಲಿ ಆ ಒರಟು ಅಂಗೈ ನಿಂತಿತು. ನನಗಲ್ಲ, ನೀಲಾಳಿಗೂ ಅಲ್ಲ, ಒಳಗಿರುವುದಕ್ಕೆ ಹೇಳಿದಳು.

"ಇದ್ದಲ್ಲೇ ಇರವ್ವಾ. ಅದೇ ನಿನ್ ಮನಿ."

ನಾನು ವಾದ ಮಾಡಲಿಲ್ಲ. ದೊಡ್ಡವ್ವ ನನ್ನತ್ತ ಚಾಚಿದ ತುತ್ತಿಗೆ ಬಾಯಿ ತೆರೆದೆ.